ಸುಟ್ಟು ‘ಹೋದದ್ದು’ ಎಲ್ಲಿಗೆ ಹೋಯಿತು?

ಒಂದು ಲೀಟರ್ ಪೆಟ್ರೋಲ್ ತೂಗಿದರೆ ಹೆಚ್ಚುಕಮ್ಮಿ ಮುಕ್ಕಾಲು ಕಿಲೋ ಬರುತ್ತದೆ. ಅದೇ ಪೆಟ್ರೋಲನ್ನು ಎಂಜಿನ್‌ನಲ್ಲಿ ಸುಟ್ಟರೆ ಸುಮಾರು 2.3 ಕಿಲೋ ಕಾರ್ಬನ್ ಡೈಆಕ್ಸೈಡ್ ಹೊರಗೆ ಬರುತ್ತದೆ. ಮೊದಲ ಸಲ ಕೇಳಿದವರಿಗೆ ಎಲ್ಲೋ ಲೆಕ್ಕ ತಪ್ಪಿದೆ ಅನ್ನಿಸುತ್ತದೆ. ಮುಕ್ಕಾಲು ಕಿಲೋ ಹಾಕಿ ಅದರ ಮೂರು ಪಟ್ಟು ತೆಗೆಯುವುದು ಹೇಗೆ?

ಲೆಕ್ಕ ಸರಿಯಾಗಿಯೇ ಇದೆ. ಹೆಚ್ಚಿನ ತೂಕ ಬಂದದ್ದು ಗಾಳಿಯಿಂದ. ಉರಿಯುವುದು ಅಂದರೆ ಇಂಧನದಲ್ಲಿರುವ ಇಂಗಾಲ ಗಾಳಿಯ ಆಮ್ಲಜನಕದ ಜೊತೆ ಸೇರಿಕೊಳ್ಳುವುದು. ಇಂಗಾಲದ ಪರಮಾಣುವಿನ ತೂಕ 12, ಆಮ್ಲಜನಕದ್ದು 16. ಒಂದು ಇಂಗಾಲಕ್ಕೆ ಎರಡು ಆಮ್ಲಜನಕ ಅಂಟಿಕೊಂಡರೆ ಒಟ್ಟು 44. ಅಂದರೆ 12 ಗ್ರಾಂ ಇಂಗಾಲ ಸುಟ್ಟಾಗ 44 ಗ್ರಾಂ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಪೆಟ್ರೋಲಿನ ತೂಕದಲ್ಲಿ ನೂರಕ್ಕೆ 86ರಷ್ಟು ಇಂಗಾಲವೇ ಇರುವುದರಿಂದ ಒಂದು ಲೀಟರ್‌ಗೆ 2.3 ಕಿಲೋ ಬಂದೇ ಬರುತ್ತದೆ. ಡೀಸೆಲ್ ಸ್ವಲ್ಪ ಭಾರ, ಅದರ ಲೆಕ್ಕ ಲೀಟರ್‌ಗೆ ಸುಮಾರು 2.7 ಕಿಲೋ.

ನಾವು ಮಾತಿನಲ್ಲಿ ‘ಸುಟ್ಟು ಹೋಯಿತು’, ‘ಉರಿದು ಹೋಯಿತು’ ಅನ್ನುತ್ತೇವೆ. ಟ್ಯಾಂಕ್ ಖಾಲಿಯಾಯಿತು, ಮುಗಿಯಿತು. ಆದರೆ ಆ ‘ಹೋಯಿತು’ ಅನ್ನುವ ಮಾತಿನಲ್ಲೇ ಪ್ರಶ್ನೆ ಇದೆ. ಎಲ್ಲಿಗೆ ಹೋಯಿತು? ಒಂದು ಪರಮಾಣುವೂ ಇಲ್ಲದಂತೆ ಆಗಿಲ್ಲ. ಎಲ್ಲವೂ ರೂಪ ಬದಲಿಸಿಕೊಂಡು ನಮ್ಮ ತಲೆಯ ಮೇಲಿನ ಗಾಳಿ ಸೇರಿದೆ. ಹೊಗೆಯನ್ನು ಅರ್ಥ ಮಾಡಿಕೊಳ್ಳಲು ದೊಡ್ಡ ರಸಾಯನಶಾಸ್ತ್ರ ಬೇಕಿಲ್ಲ. ಅದರಲ್ಲಿರುವ ಪ್ರತಿಯೊಂದನ್ನೂ ‘ನೀನು ಎಲ್ಲಿಂದ ಬಂದೆ?’ ಅಂತ ಕೇಳುತ್ತಾ ಹೋದರೆ ಸಾಕು.

ಇಂಧನದೊಳಗೆ ಇರುವುದು

ಕಲ್ಲಿದ್ದಲು, ಕಚ್ಚಾ ತೈಲ, ನೈಸರ್ಗಿಕ ಅನಿಲ ಮೂರೂ ಒಂದು ಕಾಲಕ್ಕೆ ಜೀವ ಇದ್ದವುಗಳ ಉಳಿಕೆ. ಅದಕ್ಕೇ ಪಳೆಯುಳಿಕೆ ಇಂಧನ ಅನ್ನುವ ಹೆಸರು. ಭೂಮಿಯ ಕಲ್ಲಿದ್ದಲಿನಲ್ಲಿ ದೊಡ್ಡ ಪಾಲು 30 ಕೋಟಿ ವರ್ಷಕ್ಕೂ ಹಿಂದಿನ ಜೌಗು ಕಾಡುಗಳದ್ದು. ತೈಲ ಮತ್ತು ಅನಿಲ ಹೆಚ್ಚಾಗಿ ಸಮುದ್ರದ ಸಣ್ಣ ಜೀವಿಗಳಿಂದ ಆದವು. ಆ ಗಿಡಗಳು, ಆ ಜೀವಿಗಳು ತಮ್ಮ ಕಾಲದ ಗಾಳಿಯಿಂದ, ನೀರಿನಿಂದ ಇಂಗಾಲ ಹೀರಿಕೊಂಡು ಮೈ ಬೆಳೆಸಿಕೊಂಡವು. ಸತ್ತ ಮೇಲೆ ಪೂರ್ತಿ ಕೊಳೆಯುವ ಮೊದಲೇ ಕೆಸರಿನಡಿ ಹೂತುಹೋದವು. ಕೋಟ್ಯಂತರ ವರ್ಷ ನಿಧಾನವಾಗಿ ಒಳಗೆ ಹೋದ ಇಂಗಾಲವನ್ನು ನಾವು ಎರಡು ಮೂರು ಶತಮಾನದಲ್ಲಿ ಹೊರಗೆ ಹಾಕುತ್ತಿದ್ದೇವೆ.

ಇಂಗಾಲದ ಜೊತೆ ಇವುಗಳಲ್ಲಿ ಜಲಜನಕವೂ ಇದೆ. ಅದು ಉರಿದಾಗ ಆಮ್ಲಜನಕದ ಜೊತೆ ಸೇರಿ ನೀರಾಗುತ್ತದೆ. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಆವಿಯಾಗಿ ಹೊರಬರುತ್ತದೆ. ಚಳಿಯ ಬೆಳಗ್ಗೆ ಗಾಡಿಯ ಸೈಲೆನ್ಸರ್‌ನಿಂದ ಬಿಳಿ ಹೊಗೆ ಬಂದು ತೊಟ್ಟು ತೊಟ್ಟು ನೀರು ಬೀಳುವುದನ್ನು ನೀವೂ ನೋಡಿರಬಹುದು. ಅದು ಕೆಟ್ಟ ಹೊಗೆಯಲ್ಲ, ಬರೀ ನೀರು. ವಿದ್ಯುತ್ ಸ್ಥಾವರದ ಸೊಂಟ ಸಣ್ಣಗಿರುವ ದಪ್ಪ ಗೋಪುರಗಳಿಂದ ಏಳುವ ಬಿಳಿ ಮೋಡವೂ ನೀರಿನ ಆವಿಯೇ. ಮಾಲಿನ್ಯದ ಸುದ್ದಿ ಬಂದಾಗಲೆಲ್ಲ ಆ ಗೋಪುರದ ಚಿತ್ರ ಹಾಕುತ್ತಾರೆ. ನಿಜವಾದ ಹೊಗೆ ಹೋಗುವುದು ಪಕ್ಕದ ತೆಳ್ಳಗಿನ ಚಿಮಣಿಯಿಂದ. ಅದು ಎಷ್ಟೋ ಸಲ ಕಣ್ಣಿಗೆ ಕಾಣುವುದೇ ಇಲ್ಲ.

ಯಾವ ಇಂಧನದಲ್ಲಿ ಜಲಜನಕ ಜಾಸ್ತಿಯೋ ಅದರಿಂದ ಅಷ್ಟೇ ಶಾಖಕ್ಕೆ ಕಾರ್ಬನ್ ಡೈಆಕ್ಸೈಡ್ ಕಮ್ಮಿ. ನೈಸರ್ಗಿಕ ಅನಿಲ ಅಂದರೆ ಹೆಚ್ಚಾಗಿ ಮೀಥೇನ್, ಅದರಲ್ಲಿ ಒಂದು ಇಂಗಾಲಕ್ಕೆ ನಾಲ್ಕು ಜಲಜನಕ. ಹಾಗಾಗಿ ಅದೇ ಶಾಖ ಪಡೆಯಲು ಕಲ್ಲಿದ್ದಲು ಸುಟ್ಟರೆ ಒಂದೂವರೆಯಿಂದ ಎರಡು ಪಟ್ಟು ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಇದನ್ನೇ ಹಿಡಿದು ಅನಿಲವನ್ನು ‘ಸ್ವಚ್ಛ ಇಂಧನ’ ಅನ್ನುತ್ತಾರೆ. ಆದರೆ ಬಾವಿಯಿಂದ ಒಲೆಯವರೆಗೆ ಬರುವ ದಾರಿಯಲ್ಲಿ ಸೋರಿಹೋದ ಮೀಥೇನ್ ಉರಿಯದೇ ಗಾಳಿಗೆ ಸೇರುತ್ತದೆ. ಮೊದಲ 20 ವರ್ಷದ ಲೆಕ್ಕದಲ್ಲಿ ಅದು ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಜಾಸ್ತಿ ಶಾಖ ಹಿಡಿದಿಡುತ್ತದೆ. ಸ್ವಲ್ಪ ಸೋರಿದರೂ ಅನಿಲದ ಲಾಭ ಕರಗುತ್ತಾ ಹೋಗುತ್ತದೆ.

ಇನ್ನು ಇಂಧನದೊಳಗಿನ ಕಲ್ಮಶ. ಜೀವಿಗಳ ಮೈಯಲ್ಲೇ ಗಂಧಕ ಇರುತ್ತದೆ, ಸಮುದ್ರದ ನೀರಿನಿಂದಲೂ ಬಂದು ಸೇರುತ್ತದೆ. ಕೆಲವು ಕಲ್ಲಿದ್ದಲಿನಲ್ಲಿ ನೂರಕ್ಕೆ 0.5ರಷ್ಟಿದ್ದರೆ ಕೆಲವದರಲ್ಲಿ ಮೂರು, ನಾಲ್ಕು. ಸುಟ್ಟಾಗ ಅದು ಸಲ್ಫರ್ ಡೈಆಕ್ಸೈಡ್ ಆಗುತ್ತದೆ. ಮೂಗು ಕಟ್ಟುವ, ಗಂಟಲು ಉರಿಸುವ ಅನಿಲ. ಕಲ್ಲಿದ್ದಲಿನಲ್ಲಿ ಮಣ್ಣಿನ ಅಂಶವೂ ಇರುವುದರಿಂದ ಬೂದಿ ಉಳಿಯುತ್ತದೆ. ಹಗುರವಾದದ್ದು ಹಾರುಬೂದಿಯಾಗಿ ಮೇಲೇಳುತ್ತದೆ. ಪಾದರಸ, ಆರ್ಸೆನಿಕ್‌ನಂಥ ಲೋಹಗಳು ಚೂರೇ ಚೂರು ಇರುತ್ತವೆ. ಆದರೆ ಸುಡುವುದು ಕೋಟಿಗಟ್ಟಲೆ ಟನ್, ಆಗ ಚೂರು ಅನ್ನುವುದಕ್ಕೆ ಅರ್ಥ ಉಳಿಯುವುದಿಲ್ಲ. ಪಾದರಸ ಆವಿಯಾಗಿ ತಿಂಗಳುಗಟ್ಟಲೆ ಗಾಳಿಯಲ್ಲಿ ತೇಲುತ್ತದೆ, ಖಂಡಗಳನ್ನು ದಾಟುತ್ತದೆ, ನೀರಿಗೆ ಬೀಳುತ್ತದೆ. ಅಲ್ಲಿನ ಸೂಕ್ಷ್ಮಜೀವಿಗಳು ಅದನ್ನು ಮೀಥೈಲ್ ಮರ್ಕ್ಯುರಿಯಾಗಿ ಬದಲಿಸುತ್ತವೆ. ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಹೋಗುತ್ತಾ ಅದು ಒಟ್ಟುಗೂಡುತ್ತದೆ. ಕೊನೆಗೆ ಹೊಟ್ಟೆಯಲ್ಲಿರುವ ಮಗುವಿನ ಮಿದುಳಿನವರೆಗೂ ಬರುತ್ತದೆ.

ಅರೆಬರೆ ಉರಿದಾಗ

ಇದುವರೆಗೆ ಹೇಳಿದ್ದು ಎಲ್ಲವೂ ಸರಿಯಾಗಿ ಉರಿದರೆ ಬರುವ ಸಂಗತಿ. ಉರಿ ಯಾವತ್ತೂ ಅಷ್ಟು ಅಚ್ಚುಕಟ್ಟಲ್ಲ. ಎಂಜಿನ್‌ನೊಳಗೆ ಒಂದು ಸಲ ಉರಿಯಲು ಸಿಗುವ ಸಮಯ ಕೆಲವೇ ಮಿಲಿಸೆಕೆಂಡು. ಅಷ್ಟರಲ್ಲಿ ಪ್ರತಿ ಇಂಗಾಲಕ್ಕೂ ಎರಡೆರಡು ಆಮ್ಲಜನಕ ಸಿಗುವುದಿಲ್ಲ.

ಒಂದೇ ಸಿಕ್ಕರೆ ಕಾರ್ಬನ್ ಮೊನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ಮಂಪರು, ಆಮೇಲೆ ಎಚ್ಚರ ತಪ್ಪುತ್ತದೆ. ಇಲ್ಲಿ ಸ್ವಲ್ಪ ನಿಂತು ಹೇಳಲೇಬೇಕು: ಮುಚ್ಚಿದ ಜಾಗದಲ್ಲಿ ಗಾಡಿ ಆನ್ ಮಾಡಿ ಇಡಬೇಡಿ, ಮನೆಯೊಳಗೆ ಜನರೇಟರ್ ಓಡಿಸಬೇಡಿ, ಬಾಗಿಲು ಹಾಕಿಕೊಂಡು ಇದ್ದಿಲು ಉರಿಸಿ ಮಲಗಬೇಡಿ. ಇದು ಎಬ್ಬಿಸದೆಯೇ ಕೊಲ್ಲುವ ಅನಿಲ.

ಆಮ್ಲಜನಕ ಏನೂ ಸಿಗದ ಇಂಗಾಲ ಮಸಿಯಾಗುತ್ತದೆ. ಕಪ್ಪು ಹೊಗೆ ಕಾಣಿಸುತ್ತಿದ್ದರೆ ಇಂಧನ ಪೂರ್ತಿ ಉರಿದಿಲ್ಲ ಅಂತಲೇ ಅರ್ಥ. ಆ ಕರಿ ಬಣ್ಣವೇ ಉರಿಯದೆ ಉಳಿದ ಇಂಗಾಲ. ಮಸಿಯ ಕಣಗಳ ಮೈಮೇಲೆ ಬೆನ್ಜೋಪೈರೀನ್‌ನಂಥ ಕ್ಯಾನ್ಸರ್ ತರುವ ಪದಾರ್ಥಗಳು ಅಂಟಿಕೊಂಡಿರುತ್ತವೆ. ಚಿಮಣಿ ಗುಡಿಸುವ ಹುಡುಗರಿಗೆ ದೊಡ್ಡವರಾದ ಮೇಲೆ ಬರುತ್ತಿದ್ದ ಕ್ಯಾನ್ಸರಿಗೆ ಮಸಿಯೇ ಕಾರಣ ಎಂದು ಲಂಡನ್ನಿನ ವೈದ್ಯ ಪರ್ಸಿವಲ್ ಪಾಟ್ 1775ರಲ್ಲೇ ಬರೆದಿದ್ದರು. ಡೀಸೆಲ್ ಹೊಗೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಧಿಕೃತವಾಗಿ ಹೇಳಿದ್ದು 2012ರಲ್ಲಿ.

ಪಿಎಂ 2.5 ಅನ್ನುವ ಮಾತು ಕೇಳುತ್ತಿರುತ್ತೀರಿ ಅಲ್ವಾ? 2.5 ಮೈಕ್ರೋಮೀಟರ್ ಅಥವಾ ಅದಕ್ಕಿಂತ ಸಣ್ಣ ಕಣಗಳು ಅಂತ ಅದರ ಅರ್ಥ. ತಲೆಗೂದಲಿನ ದಪ್ಪದ ಮೂವತ್ತನೇ ಒಂದು ಪಾಲು. ದೊಡ್ಡ ಧೂಳನ್ನು ಮೂಗು, ಗಂಟಲು ತಡೆಯುತ್ತವೆ. ಇವು ತಡೆಯಿಲ್ಲದೆ ಶ್ವಾಸಕೋಶದ ತುದಿಯವರೆಗೆ ಹೋಗುತ್ತವೆ, ಅತಿ ಸಣ್ಣವು ರಕ್ತಕ್ಕೂ ಇಳಿಯುತ್ತವೆ. ಅದಕ್ಕೇ ಕೆಟ್ಟ ಗಾಳಿಯಿಂದ ಬರೀ ಕೆಮ್ಮು, ಉಬ್ಬಸ ಅಲ್ಲ, ಹೃದಯಾಘಾತ, ಪಾರ್ಶ್ವವಾಯು ಕೂಡ ಬರುತ್ತವೆ. ವರ್ಷದ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 5 ಮೈಕ್ರೋಗ್ರಾಂ ದಾಟಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹಾಕಿದ ಗೆರೆ. ಜಗತ್ತಿನ ಬಹುತೇಕ ಎಲ್ಲರೂ ಆ ಗೆರೆಯ ಆಚೆಗೇ ಉಸಿರಾಡುತ್ತಿದ್ದಾರೆ.

ಗಾಳಿಯೇ ಸುಟ್ಟಾಗ

ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ 21. ಸಾರಜನಕ 78. ಈ ಸಾರಜನಕ ಸಾಮಾನ್ಯವಾಗಿ ಯಾರ ತಂಟೆಗೂ ಹೋಗುವುದಿಲ್ಲ. ಅದರ ಎರಡು ಪರಮಾಣುಗಳು ಅಷ್ಟು ಗಟ್ಟಿಯಾಗಿ ಕೈ ಹಿಡಿದುಕೊಂಡಿರುತ್ತವೆ. ಆದರೆ ಎಂಜಿನ್ನಿನ ಸಿಲಿಂಡರ್ ಒಳಗೆ ಕ್ಷಣಕಾಲ ಶಾಖ 2000 ಡಿಗ್ರಿ ದಾಟುತ್ತದೆ. ಆಗ ಆ ಹಿಡಿತವೂ ಬಿಡುತ್ತದೆ. ಸಾರಜನಕ ಆಮ್ಲಜನಕದ ಜೊತೆ ಸೇರಿ ನೈಟ್ರಿಕ್ ಆಕ್ಸೈಡ್, ಹೊರಗೆ ಬಂದ ಮೇಲೆ ನೈಟ್ರೋಜನ್ ಡೈಆಕ್ಸೈಡ್ ಆಗುತ್ತದೆ. ನಗರದ ಮೇಲೆ ಕವಿದಿರುವ ಕಂದು ಛಾಯೆಯಲ್ಲಿ ಇದರ ಪಾಲೂ ಇದೆ. ಗಮನಿಸಿ, ಇದಕ್ಕೆ ಇಂಧನ ಕೊಳಕಾಗಿರಬೇಕಿಲ್ಲ. ಎಷ್ಟೇ ಶುದ್ಧ ಇಂಧನ ಇದ್ದರೂ ಉರಿ ಬಿಸಿಯಾಗಿದ್ದರೆ ಸಾಕು.

ಇಲ್ಲೊಂದು ಇಕ್ಕಟ್ಟು ಇದೆ. ಡೀಸೆಲ್ ಎಂಜಿನ್‌ನಲ್ಲಿ ಮಸಿ ಕಮ್ಮಿ ಮಾಡಲು ಉರಿಯನ್ನು ಜೋರು ಮಾಡಿದರೆ ನೈಟ್ರೋಜನ್ ಆಕ್ಸೈಡ್ (ಮೇಲೆ ಹೇಳಿದ ಎರಡೂ ಅನಿಲಗಳ ಒಟ್ಟು ಹೆಸರು) ಜಾಸ್ತಿ. ಉರಿಯನ್ನು ತಣ್ಣಗೆ ಮಾಡಿದರೆ ಮಸಿ ಜಾಸ್ತಿ. ಎರಡನ್ನೂ ಒಟ್ಟಿಗೆ ಇಳಿಸಬೇಕಾದರೆ ಹೊಗೆಗೆ ಬೇರೆಯೇ ಚಿಕಿತ್ಸೆ ಬೇಕು, ದುಡ್ಡು ಬೇಕು. ಫೋಕ್ಸ್‌ವ್ಯಾಗನ್ ಕಂಪನಿ ಅಡ್ಡದಾರಿ ಹಿಡಿದದ್ದು ಈ ಇಕ್ಕಟ್ಟಿನಲ್ಲೇ. ಪರೀಕ್ಷೆ ನಡೆಯುತ್ತಿದೆ ಎಂದು ಗೊತ್ತಾದಾಗ ಮಾತ್ರ ಹೊಗೆ ಶುದ್ಧ ಮಾಡುವ ಸಾಫ್ಟ್‌ವೇರನ್ನು ಗಾಡಿಗಳಲ್ಲಿ ಹಾಕಿತ್ತು. ಅಮೆರಿಕದ ಪರಿಸರ ಸಂಸ್ಥೆ 2015ರ ಸೆಪ್ಟೆಂಬರ್‌ನಲ್ಲಿ ಇದನ್ನು ಬಯಲು ಮಾಡಿತು. ರಸ್ತೆಯಲ್ಲಿ ಕೆಲವು ಗಾಡಿಗಳು ಮಿತಿಯ 40 ಪಟ್ಟಿನವರೆಗೆ ನೈಟ್ರೋಜನ್ ಆಕ್ಸೈಡ್ ಬಿಡುತ್ತಿದ್ದವು. ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಗಾಡಿಗಳಲ್ಲಿ ಆ ಸಾಫ್ಟ್‌ವೇರ್ ಇತ್ತು.

ಹೊಗೆ ಹೊರಬಂದ ಮೇಲೂ ಕತೆ ಮುಗಿಯುವುದಿಲ್ಲ. 1940ರ ದಶಕದಲ್ಲಿ ಲಾಸ್ ಏಂಜಲೀಸ್ ಜನರಿಗೆ ಬಿಸಿಲಿರುವ ದಿನವೇ ಕಣ್ಣು ಉರಿಯುತ್ತಿತ್ತು. ಮಬ್ಬು ಕವಿಯುತ್ತಿತ್ತು. ಕಾರಣ ಹುಡುಕಿದವರು ಏರಿ ಹಾಗನ್-ಸ್ಮಿಟ್ ಎಂಬ ರಸಾಯನಶಾಸ್ತ್ರಜ್ಞರು. ಅನಾನಸ್ ಹಣ್ಣಿನ ಪರಿಮಳದಲ್ಲಿ ಏನೇನಿದೆ ಎಂದು ನೋಡುತ್ತಿದ್ದವರು ತಮ್ಮ ಸಲಕರಣೆಗಳನ್ನು ನಗರದ ಗಾಳಿಯ ಕಡೆಗೆ ತಿರುಗಿಸಿದರು. ನೈಟ್ರೋಜನ್ ಆಕ್ಸೈಡ್ ಮತ್ತು ಅರೆಬೆಂದ ಪೆಟ್ರೋಲಿನ ಆವಿ ಬಿಸಿಲಿಗೆ ಸಿಕ್ಕಿ ಓಝೋನ್ ಆಗುತ್ತದೆ ಎಂದು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ಆಕಾಶದ ಎತ್ತರದಲ್ಲಿ ನಮ್ಮನ್ನು ಕಾಯುವ ಅದೇ ಓಝೋನ್ ನೆಲದ ಹತ್ತಿರ ಶ್ವಾಸಕೋಶವನ್ನು ಕೆರಳಿಸುತ್ತದೆ, ಬೆಳೆಯ ಎಲೆಗಳನ್ನು ಸುಡುತ್ತದೆ. ಇದು ಯಾವ ಸೈಲೆನ್ಸರ್‌ನಿಂದಲೂ ಬರುವುದಿಲ್ಲ, ಗಾಳಿಯಲ್ಲೇ ಹುಟ್ಟುತ್ತದೆ.

ಸಲ್ಫರ್ ಡೈಆಕ್ಸೈಡ್ ಕೂಡ ಹಾಗೆಯೇ. ತೇವ ಸಿಕ್ಕರೆ ಸಲ್ಫ್ಯೂರಿಕ್ ಆಮ್ಲವಾಗುತ್ತದೆ. 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ನಿನಲ್ಲಿ ಗಾಳಿ ಅಲ್ಲಾಡಲಿಲ್ಲ. ಕೊರೆಯುವ ಚಳಿ, ಮನೆಮನೆಯಲ್ಲೂ ಕಲ್ಲಿದ್ದಲು. ಮೇಲೆ ಬೆಚ್ಚನೆಯ ಗಾಳಿಯ ಪದರ ಮುಚ್ಚಳದ ಹಾಗೆ ಕೂತಿತ್ತು, ಕೆಳಗೆ ಹೊಗೆ ಮಂಜಿನ ಜೊತೆ ಬೆರೆತು ಆಮ್ಲವಾಯಿತು. ಸುಮಾರು 4000 ಜನ ಸತ್ತರೆಂದು ಆಗ ಅಂದಾಜು ಮಾಡಿದರು. ಮುಂದಿನ ತಿಂಗಳುಗಳ ಸಾವನ್ನೂ ಸೇರಿಸಿ ಲೆಕ್ಕ ಹಾಕಿದವರು 12,000 ಅನ್ನುತ್ತಾರೆ. 1956ರಲ್ಲಿ ಶುದ್ಧ ಗಾಳಿಯ ಕಾನೂನು ಬಂತು. ಹೊಗೆ ಊರಿನ ಮೇಲೆ ಕೂರಬಾರದೆಂದು ವಿದ್ಯುತ್ ಸ್ಥಾವರಗಳ ಚಿಮಣಿಗಳನ್ನು ಎತ್ತರ ಮಾಡಿದರು. ಆ ಚಿಮಣಿಗಳ ಗಂಧಕ ಕಮ್ಮಿಯಾಗಲಿಲ್ಲ, ದೂರ ಹೋಯಿತು ಅಷ್ಟೆ. ಬ್ರಿಟನ್ ಮತ್ತು ಮಧ್ಯ ಯುರೋಪಿನ ಗಂಧಕ ಆಮ್ಲ ಮಳೆಯಾಗಿ ನಾರ್ವೆ, ಸ್ವೀಡನ್ನಿನ ಸರೋವರಗಳಿಗೆ ಬಿತ್ತು. ಅಲ್ಲಿ ಮೀನು ಸತ್ತವು.

ತೊಳೆಯಬಹುದಾದದ್ದು, ತೊಳೆಯಲಾಗದ್ದು

ಇಷ್ಟೆಲ್ಲ ಕೇಳಿ ಎದೆಗುಂದಬೇಕಿಲ್ಲ. ಈ ಕೊಳೆಯಲ್ಲಿ ಬಹುಪಾಲನ್ನು ಹಿಡಿಯುವುದು ನಮಗೆ ಗೊತ್ತಿದೆ, ಹಿಡಿದೂ ಇದ್ದೇವೆ. ಚಿಮಣಿಯಲ್ಲಿ ವಿದ್ಯುತ್ ಹಾಯಿಸಿದ ತಗಡುಗಳನ್ನಿಟ್ಟರೆ ಹಾರುಬೂದಿಯಲ್ಲಿ ನೂರಕ್ಕೆ 99ಕ್ಕೂ ಹೆಚ್ಚು ಪಾಲು ಅಲ್ಲೇ ಅಂಟಿಕೊಳ್ಳುತ್ತದೆ. ಸುಣ್ಣಕಲ್ಲಿನ ನೀರನ್ನು ಹೊಗೆಯ ಮೇಲೆ ಚಿಮುಕಿಸಿದರೆ ಗಂಧಕ ಅದರ ಜೊತೆ ಸೇರಿ ಜಿಪ್ಸಮ್ ಆಗುತ್ತದೆ. ಅದರಿಂದ ಗೋಡೆಗೆ ಹಾಕುವ ಹಲಗೆಯನ್ನೂ ಮಾಡುತ್ತಾರೆ. ಪೆಟ್ರೋಲ್ ಗಾಡಿಯಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತದೆ. ಅದರೊಳಗಿನ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಲೋಹಗಳ ತೆಳು ಲೇಪನ ಕಾರ್ಬನ್ ಮೊನಾಕ್ಸೈಡನ್ನೂ ನೈಟ್ರೋಜನ್ ಆಕ್ಸೈಡನ್ನೂ ಅರೆಬೆಂದ ಇಂಧನವನ್ನೂ ಒಂದೇ ಕಡೆ ಶುದ್ಧ ಮಾಡುತ್ತದೆ.

ಸೀಸದ ಕತೆಯೂ ಇದರ ಜೊತೆ ಹೆಣೆದುಕೊಂಡಿದೆ. ಎಂಜಿನ್ ಬಡಿದುಕೊಳ್ಳದಿರಲಿ ಎಂದು ಪೆಟ್ರೋಲಿಗೆ ಸೀಸ ಸೇರಿಸುವ ಉಪಾಯವನ್ನು 1921ರಲ್ಲಿ ಥಾಮಸ್ ಮಿಜ್ಲಿ ಕಂಡುಹಿಡಿದರು. ಸೀಸ ವಿಷ ಅಂತ ಆಗಲೇ ಗೊತ್ತಿತ್ತು. ಆದರೂ ಹಲವು ದಶಕ ಜಗತ್ತಿನ ರಸ್ತೆಗಳ ಪಕ್ಕದಲ್ಲಿ ಬೆಳೆದ ಮಕ್ಕಳು ಅದನ್ನೇ ಉಸಿರಾಡಿದರು. 1975ರಲ್ಲಿ ಅಮೆರಿಕದ ಗಾಡಿಗಳಿಗೆ ಕನ್ವರ್ಟರ್ ಬಂದಾಗ ಸೀಸ ಇಲ್ಲದ ಪೆಟ್ರೋಲ್ ಬೇಕೇ ಬೇಕಾಯಿತು, ಯಾಕೆಂದರೆ ಸೀಸ ಆ ಬೆಲೆಬಾಳುವ ಲೇಪನವನ್ನು ಕೆಡಿಸುತ್ತಿತ್ತು. ಮಕ್ಕಳ ಮಿದುಳಿಗಿಂತ ಮೊದಲು ಯಂತ್ರದ ಲೇಪನ ನೆನಪಾಯಿತಲ್ಲ ಎಂದು ಯೋಚಿಸಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಗಾಡಿಗಳಿಗೆ ಸೀಸದ ಪೆಟ್ರೋಲ್ ಮಾರುವುದನ್ನು ಎಲ್ಲರಿಗಿಂತ ಕೊನೆಗೆ ನಿಲ್ಲಿಸಿದ ದೇಶ ಅಲ್ಜೀರಿಯಾ, 2021ರಲ್ಲಿ. ಸರಿಯಾಗಿ 100 ವರ್ಷ ಹಿಡಿಯಿತು.

ಈಗ ಆ ಕನ್ವರ್ಟರ್‌ನಿಂದ ಹೊರಬರುವುದನ್ನು ನೋಡಿ. ಸಾರಜನಕ, ನೀರು, ಕಾರ್ಬನ್ ಡೈಆಕ್ಸೈಡ್. ವಿಷದ ಮೊನಾಕ್ಸೈಡನ್ನು ಅದು ಡೈಆಕ್ಸೈಡ್ ಮಾಡಿಯೇ ‘ಶುದ್ಧ’ ಮಾಡುತ್ತದೆ. ಎಂಜಿನ್ ಎಷ್ಟು ಚೆನ್ನಾಗಿ ಉರಿಸುತ್ತದೋ, ಇಂಧನದ ಇಂಗಾಲ ಅಷ್ಟು ಪೂರ್ತಿಯಾಗಿ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಈ ಇಡೀ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ. ಗಂಧಕ, ಮಸಿ, ಸೀಸ ಇವೆಲ್ಲ ಉರಿಯ ಜೊತೆ ಬಂದ ಕೊಳೆ. ಕಾರ್ಬನ್ ಡೈಆಕ್ಸೈಡ್ ಕೊಳೆಯಲ್ಲ, ಅದೇ ಉರಿ. ಇಂಧನದ ಇಂಗಾಲ ನಮಗೆ ಶಾಖ ಕೊಡುವುದೇ ಡೈಆಕ್ಸೈಡ್ ಆಗುವುದರಿಂದ. ಶಾಖ ಇಟ್ಟುಕೊಂಡು ಅದನ್ನು ಬಿಡುತ್ತೇನೆ ಅಂದರೆ ಆಗುವುದಿಲ್ಲ. ಚಿಮಣಿಯಲ್ಲೇ ಹಿಡಿದು ನೆಲದಡಿ ತುಂಬುವ ವಿಧಾನ ಇದೆ, ಕೆಲವು ಕಡೆ ಮಾಡುತ್ತಲೂ ಇದ್ದಾರೆ. ಆದರೆ ಅದಕ್ಕೆ ಬೇಕಾದ ಶಕ್ತಿಯೂ ಎಲ್ಲಿಂದಲಾದರೂ ಬರಬೇಕು. ಪಳೆಯುಳಿಕೆ ಇಂಧನದಿಂದ ವರ್ಷಕ್ಕೆ ಸುಮಾರು 3,700 ಕೋಟಿ ಟನ್ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತಿದೆ, ಹಿಡಿಯುತ್ತಿರುವುದು ಅದರ ಮುಂದೆ ಲೆಕ್ಕಕ್ಕೇ ಇಲ್ಲದಷ್ಟು.

ಇದು ಮೂಗಿಗೆ, ಕಣ್ಣಿಗೆ ತಾಗುವುದಿಲ್ಲ. ಆದರೆ ನೆಲದಿಂದ ಮೇಲೇಳುವ ಶಾಖವನ್ನು ಹಿಡಿದಿಡುತ್ತದೆ. ಕಾರ್ಬನ್ ಡೈಆಕ್ಸೈಡ್ ತುಂಬಿದ ಗಾಜಿನ ಕೊಳವೆ ಬಿಸಿಲಿನಲ್ಲಿ ಹೆಚ್ಚು ಬಿಸಿಯಾಗುತ್ತದೆ ಎಂದು ಅಮೆರಿಕದ ಯೂನಿಸ್ ಫೂಟ್ 1856ರಲ್ಲೇ ಬರೆದಿದ್ದರು. ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಅಳೆಯಲು ಶುರುಮಾಡಿದಾಗ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಸುಮಾರು 315 ಕಾರ್ಬನ್ ಡೈಆಕ್ಸೈಡ್ ಇದ್ದವು. ಕೈಗಾರಿಕೆಗಳ ಕಾಲಕ್ಕೆ ಮೊದಲು 280 ಇತ್ತು. ಈಗ 420 ದಾಟಿದೆ.

ಇದು ಜ್ವಾಲಾಮುಖಿಯಿಂದ ಬಂದಿರಬಾರದೇಕೆ ಎಂದು ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ, ಉತ್ತರವೂ ಚೆನ್ನಾಗಿದೆ. ಜೀವ ಇರುವ ಎಲ್ಲದರಲ್ಲೂ ಇಂಗಾಲ-14 ಎಂಬ ವಿಕಿರಣಶೀಲ ಇಂಗಾಲ ಚೂರು ಇರುತ್ತದೆ. 5730 ವರ್ಷಕ್ಕೊಮ್ಮೆ ಅದು ಅರ್ಧಕ್ಕೆ ಇಳಿಯುತ್ತದೆ. ಕೋಟ್ಯಂತರ ವರ್ಷ ಹೂತಿದ್ದ ಕಲ್ಲಿದ್ದಲಿನಲ್ಲಿ ಅದು ಉಳಿದಿರುವುದೇ ಇಲ್ಲ. ಅಂಥ ಹಳೆಯ ಇಂಗಾಲ ಸೇರುತ್ತಾ ಹೋದ ಹಾಗೆ ಗಾಳಿಯಲ್ಲಿ ಇಂಗಾಲ-14ರ ಪಾಲು ತೆಳುವಾಗಬೇಕು. ಹಾಗೇ ಆಗಿದೆ ಎಂದು ಹಾನ್ಸ್ ಸೂಯೆಸ್ 1950ರ ದಶಕದಲ್ಲಿ ಮರದ ಕಾಂಡದೊಳಗಿನ ವರ್ಷದ ಉಂಗುರಗಳನ್ನು ನೋಡಿ ತೋರಿಸಿದರು. ಜ್ವಾಲಾಮುಖಿಯ ಇಂಗಾಲದಲ್ಲೂ ಇಂಗಾಲ-14 ಇಲ್ಲವಲ್ಲ ಅಂದರೆ, ಇನ್ನೊಂದು ಸಾಕ್ಷಿ ಇದೆ. ಉರಿಗೆ ಆಮ್ಲಜನಕ ಬೇಕು, ಜ್ವಾಲಾಮುಖಿ ಉಗುಳುವ ಕಾರ್ಬನ್ ಡೈಆಕ್ಸೈಡ್‌ಗೆ ಗಾಳಿಯ ಆಮ್ಲಜನಕ ಬೇಕಿಲ್ಲ. ಕೀಲಿಂಗ್ ಅವರ ಮಗ ರಾಲ್ಫ್ ಕೀಲಿಂಗ್ ಆಮ್ಲಜನಕವನ್ನು ನಾಜೂಕಾಗಿ ಅಳೆಯುವ ವಿಧಾನ ಕಂಡುಹಿಡಿದರು. ಅದು ವರ್ಷವರ್ಷವೂ ಇಳಿಯುತ್ತಿದೆ. ಉಸಿರಿಗೆ ತೊಂದರೆಯಾಗುವಷ್ಟಲ್ಲ, ತೀರಾ ಕಮ್ಮಿ. ಆದರೆ ಎಲ್ಲೋ ಏನೋ ಉರಿಯುತ್ತಿದೆ ಎಂದು ತಿಳಿಯುವಷ್ಟು ಇದೆ.

ಹೊರಗೆ ಹೋದ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಅರ್ಧದಷ್ಟು ಗಾಳಿಯಲ್ಲೇ ಉಳಿಯುತ್ತದೆ. ಉಳಿದ ಅರ್ಧವನ್ನು ಗಿಡ, ಮಣ್ಣು ಮತ್ತು ಸಮುದ್ರ ಹಂಚಿಕೊಳ್ಳುತ್ತವೆ. ಸಮುದ್ರ ಸುಮ್ನೆ ಹೀರಿಕೊಳ್ಳುವುದಿಲ್ಲ, ನೀರು ಆಮ್ಲದ ಕಡೆಗೆ ವಾಲುತ್ತಿದೆ. ಹವಳಕ್ಕೆ, ಚಿಪ್ಪಿನ ಜೀವಿಗಳಿಗೆ ಮನೆ ಕಟ್ಟಿಕೊಳ್ಳುವುದು ಕಷ್ಟವಾಗುತ್ತಿದೆ.

ಇನ್ನೊಂದು ತೊಡಕನ್ನು ಹೇಳದೆ ಬಿಡಲಾರೆ. ಗಂಧಕದಿಂದ ಆದ ಸಣ್ಣ ಕಣಗಳು ಬಿಸಿಲನ್ನು ವಾಪಸ್ ಕಳಿಸುತ್ತವೆ, ಭೂಮಿಯನ್ನು ತುಸು ತಂಪಾಗಿ ಇಡುತ್ತವೆ. ಇಂಥ ಕಣಗಳು ಅರ್ಧ ಡಿಗ್ರಿ ಆಸುಪಾಸಿನ ಬಿಸಿಯನ್ನು ಮರೆಮಾಡಿವೆ ಎಂದು ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನಿಗಳ ಸಮಿತಿ ಐಪಿಸಿಸಿಯ 2021ರ ವರದಿಯ ಅಂದಾಜು. 2020ರ ಜನವರಿಯಿಂದ ಹಡಗಿನ ಇಂಧನದಲ್ಲಿ ಗಂಧಕದ ಮಿತಿ ನೂರಕ್ಕೆ 3.5ರಿಂದ 0.5ಕ್ಕೆ ಇಳಿಯಿತು. ಬಂದರಿನ ಪಕ್ಕದ ಜನರ ಶ್ವಾಸಕೋಶಕ್ಕೆ ಇದು ದೊಡ್ಡ ಉಪಕಾರ. ಅದೇ ಹೊತ್ತಿಗೆ ಅಷ್ಟು ಪರದೆಯೂ ಸರಿಯಿತು. ಹಾಗಂತ ಗಂಧಕ ಇರಲಿ ಅನ್ನುವುದು ಸರಿಯಲ್ಲ, ಅದು ಜನರನ್ನು ಕೊಲ್ಲುತ್ತದೆ. ಗಂಧಕ ತೆಗೆದು ಕಾರ್ಬನ್ ಡೈಆಕ್ಸೈಡ್ ಬಿಟ್ಟರೆ ಕೆಲಸ ಅರ್ಧಕ್ಕೆ ನಿಂತಂತೆ.

ಯಾಕೆಂದರೆ ಇವೆರಡರ ಆಯಸ್ಸು ಒಂದೇ ಅಲ್ಲ. 1712ರಲ್ಲಿ ಥಾಮಸ್ ನ್ಯೂಕಮೆನ್ ಅವರ ಉಗಿಯಂತ್ರ ಇಂಗ್ಲೆಂಡಿನ ಡಡ್ಲಿ ಬಳಿಯ ಕಲ್ಲಿದ್ದಲು ಗಣಿಯಿಂದ ನೀರೆತ್ತಲು ಶುರುಮಾಡಿತು. ಅದರ ಚಿಮಣಿಯಿಂದ ಎದ್ದ ಮಸಿ, ಗಂಧಕ ಕೆಲವು ದಿನಗಳಲ್ಲಿ ಮಳೆಗೆ ಸಿಕ್ಕಿ ನೆಲಕ್ಕೆ ಬಿದ್ದವು. ಅದರ ನೀರಿನ ಆವಿಯೂ ಹತ್ತು ದಿನದೊಳಗೆ ಮಳೆಯಾಯಿತು. ಆ ಯಂತ್ರ ಗಾಳಿಗೆ ಸೇರಿಸಿದ ಕಾರ್ಬನ್ ಡೈಆಕ್ಸೈಡ್‌ನ ಒಂದು ಪಾಲು ಇವತ್ತಿಗೂ ಮೇಲೆಯೇ ಇದೆ.